ಕಾರ್ಡೇ ಇಲ್ಲದ ಡ್ರೈವರ್

ಪರದೆಯ ಮೇಲಿನ ಅಕ್ಷರಗಳು ಅಂಗಡಿ ಬೋರ್ಡಿನಷ್ಟು ದಪ್ಪಗಾಗಿದ್ದವು. ನಿನ್ನೆ ಸಂಜೆಯವರೆಗೂ ನೆಟ್ಟಗಿದ್ದ ಕಂಪ್ಯೂಟರು, ಬೆಳಿಗ್ಗೆ ಹೊರಗೆ ಹೋಗಿ ಬಂದು ಹಾಕಿದರೆ ಹೀಗೆ.  ಸೊಸೆ ಅವಸರದಲ್ಲಿ ತಾನು ಒಳಾಂಗಣ ವಿನ್ಯಾಸ ಮಾಡುತ್ತಿದ್ದ ಹಲ್ಲಿನ ಆಸ್ಪತ್ರೆಯ ನಕ್ಷೆ ತೆರೆದಳು. ಗೋಡೆಗಳು ಅರ್ಧಂಬರ್ಧ ಮೂಡಿ ಗಕ್ಕನೆ ನಿಂತವು. ಆಮೇಲೆ ಎಲ್ಲವೂ ತಾನಾಗಿಯೇ ಮುಚ್ಚಿಕೊಂಡಿತು.

ಸಂಜೆ ಹಲ್ಲಿನ ಡಾಕ್ಟರು ಬರುವವರಿದ್ದರು. ಕಾಗದದ ಮೇಲೆ ಎಷ್ಟು ಚೆಂದ ಬರೆದುಕೊಟ್ಟರೂ ಅವರಿಗೆ ತೃಪ್ತಿಯಿಲ್ಲ. "ಒಳಗೆ ನಾನೇ ಓಡಾಡಿದ ಹಾಗೆ ತೋರಿಸಮ್ಮ, ಆಮೇಲೆ ಹೂಂ ಅಂತೀನಿ" ಎಂದಿದ್ದರು. ಕಂಪನಿ ಬಿಟ್ಟು ಸ್ವಂತಕ್ಕೆ ಅಂತ ಹಿಡಿದ ಮೊದಲ ಕೆಲಸ ಇದು. ಬಿಟ್ಟು ಬರುವ ದಿನ ಹಳೆಯ ಸಾಹೇಬರು "ನಮ್ಮ ಬಾಗಿಲು ತೆಗೆದೇ ಇರುತ್ತೆ" ಎಂದು ನಕ್ಕಿದ್ದರು. ಆ ನಗು ಇನ್ನೂ ಅವಳ ಬೆನ್ನಿಗೆ ಅಂಟಿಕೊಂಡಿತ್ತು. ಡಾಕ್ಟರು ಇವತ್ತು ತಲೆಯಾಡಿಸದಿದ್ದರೆ ಆ ಬಾಗಿಲಿಗೇ ಹೋಗಿ ನಿಲ್ಲಬೇಕು.

ಬೇರೆ ಊರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ತಮ್ಮನಿಗೆ ಫೋನ್ ಹಚ್ಚಿದಳು.

"ಗ್ರಾಫಿಕ್ಸ್ ಡ್ರೈವರ್ ಹೋಗಿದೆ ಅಕ್ಕ. ಅದೊಂದು ಪ್ರೋಗ್ರಾಂ, ದುಭಾಷಿ ಇದ್ದ ಹಾಗೆ. ಚಿತ್ರ ಮೂಡಿಸೋ ಕಾರ್ಡ್ ಹೇಳಿದ್ದು ಕಂಪ್ಯೂಟರಿಗೆ ತಿಳೀಬೇಕಲ್ಲ. ಹಳೇದನ್ನ ಪೂರ್ತಿ ಕಿತ್ತು ಹೊಸದು ಹಾಕು."

"ನೀನು ಹೇಳೋದು ಸುಲಭ. ಇಲ್ಲಿ ಡಾಕ್ಟ್ರು ಬರ್ತಿದಾರೆ."

"ಅವರು ಬರೋದು ಸಂಜೆ ತಾನೆ? ಮೊದಲು ಒಂದು ಲೋಟ ನೀರು ಕುಡಿ."

ನೀರು ಕುಡಿದಳು. ಹಳೆಯದನ್ನು ಕಿತ್ತಳು. ಯಂತ್ರ ಆರಿಸಿ ಮತ್ತೆ ಹಾಕಿದಳು. ಹೊಸ ಡ್ರೈವರ್ ಇಳಿಸಿಕೊಳ್ಳುವಾಗ ಎಷ್ಟಾಯಿತೆಂದು ತೋರಿಸುವ ಪಟ್ಟಿ ತುಂಬು ಬಸುರಿಯ ಹಾಗೆ ನಿಧಾನವಾಗಿ ಮುಂದೆ ಸರಿಯಿತು. ಅಂತೂ ಇಳಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಪರದೆ ಹೇಳಿತು: ಈ ಡ್ರೈವರಿಗೆ ಹೊಂದುವ ಕಾರ್ಡ್ ಈ ಕಂಪ್ಯೂಟರಿನಲ್ಲಿ ಇಲ್ಲ.

ತಪ್ಪು ಇಳಿಸಿಕೊಂಡೆನೇನೋ ಎಂದು ಮತ್ತೊಂದು ಹಾಕಿದಳು. ಅದೇ ಮಾತು. ಅದಕ್ಕಿಂತ ಹಳೆಯದು ಹುಡುಕಿ ಹಾಕಿದಳು. ಮತ್ತೆ ಅದೇ ಮಾತು. ಅಡುಗೆಮನೆಯಲ್ಲಿ ಇಟ್ಟ ಅನ್ನ ತಳ ಹಿಡಿದ ವಾಸನೆ ಬಂದಾಗ ಓಡಿ ಒಲೆ ಆರಿಸಿ ಬಂದು ಮತ್ತೆ ಕೂತಳು.

"ಇಲ್ಲ ಅಂತಿದೆಯಾ?" ಮತ್ತೆ ಫೋನ್ ಮಾಡಿದಾಗ ತಮ್ಮನ ದನಿ ಬದಲಾಯಿತು. "ಅಕ್ಕ, ಪ್ಲಗ್ ಕಿತ್ತು ಕಂಪ್ಯೂಟರ್ ಡಬ್ಬಿಯ ಪಕ್ಕದ ತಗಡು ತೆಗಿ. ಕಾರ್ಡ್ ಸಡಿಲ ಆಗಿರಬಹುದು."

ತಗಡಿನ ಸ್ಕ್ರೂಗಳು ಬೆರಳಿಗೇ ಬಿಚ್ಚಿಕೊಂಡವು. ಮೊಬೈಲ್ ಬೆಳಕು ಒಳಗೆ ಬಿಟ್ಟಳು. ಇಟ್ಟಿಗೆಯಷ್ಟು ದಪ್ಪಗೆ ಕಾರ್ಡ್ ಕೂತಿರಬೇಕಾದ ಕಡೆ ಉದ್ದನೆಯ ಸೀಳೊಂದು ಬಾಯಿ ತೆರೆದುಕೊಂಡಿತ್ತು. ಕಾರ್ಡಿಗೆ ಕರೆಂಟು ಕೊಡುವ ವೈರು ಮಾತ್ರ ಅನಾಥವಾಗಿ ನೇತಾಡುತ್ತಿತ್ತು.



"ಅಕ್ಕ? ಏನು ಕಾಣ್ತಿದೆ?"

"ಕಾರ್ಡೇ ಇಲ್ಲ ಕಣೋ."

 "ಕಾರ್ಡ್ ತಾನಾಗೇ ಎದ್ದು ಹೋಗಲ್ಲ ಅಕ್ಕ. ಯಾರೋ ತೆಗೆದಿದಾರೆ."

ಫೋನ್ ಇಟ್ಟ ಮೇಲೆ ನೆಲದ ಮೇಲೆಯೇ ಕೂತಳು. ಹೊರಗಿನವರು ಬಂದಿಲ್ಲ, ಬಾಗಿಲ ಬೀಗ ಸರಿಯಾಗಿದೆ. ಗಂಡ ಬೆಳಗಾಗುವ ಮೊದಲೇ ಕೆಲಸಕ್ಕೆ ಹೋದವನು. ಮಾವನಂತೂ ಕಂಪ್ಯೂಟರಿನ ಮೌಸ್ ಮುಟ್ಟಲೂ ಹೆದರುವ ಮನುಷ್ಯ. ಉಳಿದವನು ಒಬ್ಬನೇ, ಬೇರೆ ಮನೆ ಮಾಡಿಕೊಂಡಿರುವ ಮೈದುನ. ಮನೆಯವರೆಲ್ಲ ಅವನನ್ನು ನಿದ್ದೆಗಣ್ಣ ಎಂದೇ ಕರೆಯುತ್ತಿದ್ದರು. ನಿನ್ನೆ ಬಂದವನು ಇದೇ ತಗಡು ತೆಗೆದು ಧೂಳು ಊದಿದ್ದ. ಯಾವ ಕೊಂಡಿ ಒತ್ತಿದರೆ ಕಾರ್ಡ್ ಬರುತ್ತದೆ ಎಂದು ಅಪ್ಪನಿಗೆ ತೋರಿಸಿದ್ದ. ಹೋಗುವಾಗ "ಅತ್ತಿಗೆ, ಈ ಕಾರ್ಡನ್ನ ನಂಗೆ ಕೊಟ್ಬಿಡಿ, ನಿಮಗ್ಯಾಕೆ ಇಷ್ಟು ದೊಡ್ಡದು" ಎಂದು ಹಲ್ಲು ಕಿರಿದಿದ್ದ. ಕಂಪ್ಯೂಟರ್ ಆಟದ ಹುಚ್ಚು ಅವನಿಗೆ, ಅದಕ್ಕೂ ಇಂಥ ಕಾರ್ಡೇ ಬೇಕು. ಮನೆಯ ಇನ್ನೊಂದು ಕೀಲಿಕೈ ಅವನ ಹತ್ತಿರವೂ ಇತ್ತು.

 ಅವನಿಗೆ ಫೋನ್ ಹಚ್ಚಿದಳು.

"ನನ್ನ ಕಾರ್ಡ್ ಯಾಕೋ ತಗೊಂಡು ಹೋದೆ? ತಮಾಷೆಗೂ ಒಂದು ಮಿತಿ ಬೇಡ್ವಾ?"

"ಯಾವ ಕಾರ್ಡ್ ಅತ್ತಿಗೆ?"

"ನಾಟಕ ಬೇಡ. ಸಂಜೆ ಡಾಕ್ಟ್ರು ಬರ್ತಾರೆ ಅಂತ ನಿಂಗೂ ಗೊತ್ತು. ಬೇಕಿದ್ರೆ ಕೇಳಿ ತಗೋಬೇಕಿತ್ತು, ಹೀಗೆ ಕದ್ದು ಅಲ್ಲ."

ಕದ್ದು ಎಂಬ ಮಾತು ಬಾಯಿಂದ ಜಾರಿಯೇ ಹೋಗಿತ್ತು. 

"ನಾನಾ, ಅತ್ತಿಗೆ?" ಎಂದ. ಫೋನ್ ಕಟ್ಟಾಯಿತು.

ಮುಖ ತೊಳೆದುಕೊಳ್ಳಲು ಅವಳು ಹಿತ್ತಲ ನಲ್ಲಿಗೆ ಹೋದಳು. ನೆರಳಲ್ಲಿ ಮಾವ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮುಂದೆ ಹಾಸಿದ ಹಳೆಯ ಪೇಪರಿನ ಮೇಲೆ ಕಾರ್ಡಿನ ಮುಚ್ಚಳ ಒಂದು ಕಡೆ, ಹಲಗೆ ಒಂದು ಕಡೆ, ಫ್ಯಾನಿನ ಚಕ್ರ ಒಂದು ಕಡೆ. ಒಂದು ಬಟ್ಟಲಲ್ಲಿ ಸೀಮೆಎಣ್ಣೆ.



ಮಾವ ಜೀವಮಾನವೆಲ್ಲ ಫ್ಯಾನ್ ರಿಪೇರಿ ಮಾಡಿದವರು. ಅಂಗಡಿ ಮುಚ್ಚಿದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ. ಮನೆಯಲ್ಲಿ ಯಾವುದು ಕಿರ್ ಎಂದರೂ ಯಾರೂ ಇಲ್ಲದ ಹೊತ್ತು ನೋಡಿ ಬಿಚ್ಚಿ, ಸದ್ದಡಗಿಸಿ, ಇದ್ದ ಕಡೆ ಇಟ್ಟುಬಿಡುವರು. ಕೆಲಸ ಮುಗಿಯುವ ಮೊದಲು ಬಾಯಿ ಬಿಡುವ ಅಭ್ಯಾಸ ಅವರಿಗಿಲ್ಲ.

"ನೀನೇ ಹೇಳಿದ್ಯಲ್ಲಮ್ಮ, ಅದರ ಫ್ಯಾನ್ ಸದ್ದು ತಲೆ ತಿಂತಿದೆ ಅಂತ" ಎಂದರು ತಲೆಯೆತ್ತಿ. "ನೋಡು, ಈಗ ಬೆಣ್ಣೆ ಹಾಗೆ ತಿರುಗುತ್ತೆ."

"ಮಾವ, ಕಂಪ್ಯೂಟರ್ ಕೆಲಸಾನೇ ಮಾಡ್ತಿಲ್ಲ."

"ಯಾಕೆ ಮಾಡಲ್ಲ? ಫ್ಯಾನಿನ ರೆಗ್ಯುಲೇಟರ್ ಬಿಚ್ಚಿ ತಂದಾಗ ನಾವು ಅದಿಲ್ಲದೆ ಡೈರೆಕ್ಟ್ ಕರೆಂಟ್ ಕೊಟ್ಟು ಬರ್ತಿರಲಿಲ್ವಾ, ಮನೆಯವರು ಸೆಖೆಯಲ್ಲಿ ಕೂರಬಾರದು ಅಂತ? ಹಾಗೇ ಕಂಪ್ಯೂಟರಿನ ಟಿವಿ ವೈರನ್ನ ಈ ಕಾರ್ಡಿಂದ ಕಿತ್ತು ಡಬ್ಬಿಯ ಮೇಲಿನ ತೂತಿಗೆ ಕೊಟ್ಟೆ. ಚಿತ್ರ ಬರ್ತಿದೆ ತಾನೆ?"

ಚಿತ್ರ ಬರುತ್ತಿತ್ತು. ಅಂಗಡಿ ಬೋರ್ಡಿನ ಹಾಗೆ. ಅವಳು ಹಲಗೆಯನ್ನು ಕೈಗೆತ್ತಿಕೊಂಡಳು. ನಡುವಿನ ಚೌಕನೆಯ ಚಿಪ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಇಲ್ಲಿ ಬೂದಿ ಬಣ್ಣದ ಪೇಸ್ಟ್ ಇತ್ತಲ್ಲ ಮಾವ?"

"ಅದಾ? ಎಷ್ಟು ವರ್ಷದ ಕೊಳೆಯೋ ಏನೋ. ಒರೆಸಿ ಒರೆಸಿ ಕೈ ಸೋತುಹೋಯ್ತು."

ತಮ್ಮನಿಗೆ ಹೇಳಿದಾಗ ಅವನು ನಕ್ಕ. ನಕ್ಕ ಮೇಲೆ ನಗು ನಿಲ್ಲಿಸಿ ಹೇಳಿದ: "ಆ ಪೇಸ್ಟ್ ಇಲ್ದೆ ಹಾಕಬೇಡ ಅಕ್ಕ, ಬಿಸಿಗೆ ಸುಟ್ಟು ಹೋಗುತ್ತೆ. ಸೀಮೆಎಣ್ಣೆ ಪೂರ್ತಿ ಆರೋವರೆಗೂ ಬೇಡ. ಇವತ್ತಿಗೆ ಅದನ್ನ ಮರೆತುಬಿಡು."

ಮರೆತುಬಿಡು. ಹಳೆಯ ಸಾಹೇಬರ ನಗು ಕಿವಿಯಲ್ಲೇ ಕೇಳಿದಂತಾಯಿತು. ಅದಕ್ಕಿಂತ ಜೋರಾಗಿ ಕೇಳಿದ್ದು "ನಾನಾ, ಅತ್ತಿಗೆ?" ಎಂಬ ಮಾತು. ತಪ್ಪಾಯಿತು ಎನ್ನಲು ಮೈದುನನಿಗೆ ಫೋನ್ ಹಚ್ಚಿದರೆ ಅವನು ಎತ್ತಲಿಲ್ಲ. ಮತ್ತೆ ಹಚ್ಚಿದಳು. ಎತ್ತಲಿಲ್ಲ.

ಆಗ ಬೀದಿ ಬಾಗಿಲು ತೆರೆಯಿತು. ಮೈದುನ ಬೆವರಿಳಿಸುತ್ತ ನಿಂತಿದ್ದ. ಕೈಯಲ್ಲಿ ಟವೆಲ್ ಸುತ್ತಿದ ಒಂದು ಗಂಟು.

"ನನ್ನ ಕಾರ್ಡ್ ತಂದಿದೀನಿ" ಎಂದ, ಅವಳ ಮುಖ ನೋಡದೆ. "ನಿಮ್ಮದಷ್ಟು ದೊಡ್ಡದಲ್ಲ. ಆದ್ರೂ ನಿಮ್ಮ ಕೆಲಸ ಎಳೆಯುತ್ತೆ. ನಿಮ್ಮದನ್ನ ಯಾರು ತಗೊಂಡ್ರು ಅಂತ ಆಮೇಲೆ ಹುಡುಕೋಣ. ಮೊದಲು ಡಾಕ್ಟ್ರ ಕೆಲಸ ಆಗಲಿ."

 ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ.

"ತಗೊಂಡಿದ್ದು ನಾನು ಕಣೋ" ಎಂದರು ಮಾವ ಹಿತ್ತಲ ಬಾಗಿಲಿಂದ, ಎಣ್ಣೆ ಕೈ ಒರೆಸಿಕೊಳ್ಳುತ್ತ.

ನಿದ್ದೆಗಣ್ಣನ ಕಣ್ಣು ಅಷ್ಟು ದೊಡ್ಡದಾಗಿ ತೆರೆದುಕೊಂಡಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಕಾರ್ಡ್ ಸೀಳಿನಲ್ಲಿ ಟಕ್ಕೆಂದು ಕೂತಿತು. ಪರದೆಯ ವೈರನ್ನು ಅದಕ್ಕೇ ಕೊಟ್ಟರು. ಅದಕ್ಕೆ ಹೊಂದುವ ಡ್ರೈವರ್ ಹಾಕುವಾಗ ಪರದೆ ಒಮ್ಮೆ ಪೂರ್ತಿ ಕಪ್ಪಾಯಿತು.  ಬೆಳಕು ಬಂದಾಗ ಅಕ್ಷರಗಳು ಸಾಸಿವೆಯಷ್ಟು ಸಣ್ಣಗೆ, ಚೊಕ್ಕವಾಗಿದ್ದವು.

ಡಾಕ್ಟರು ಬಂದು ಕೂತು, ಪರದೆಯೊಳಗೆ ತಮ್ಮ ಆಸ್ಪತ್ರೆಯ ಬಾಗಿಲು ತೆರೆದು, ಕುರ್ಚಿಗಳ ನಡುವೆ ಸುತ್ತಿ, ಕಿಟಕಿಯೊಂದನ್ನು ಪಕ್ಕಕ್ಕೆ ಸರಿಸಲು ಹೇಳಿದರು. ಸರಿಸಿದಳು. ಬೆಳಕು ಕುರ್ಚಿಯ ಮೇಲೆ ಬಿತ್ತು. "ಹೂಂ, ಶುರು ಮಾಡಮ್ಮ" ಎಂದು ಎದ್ದರು.

 ಅವರು ಹೋದ ಮೇಲೆ ಮಾವ ಮಗನನ್ನು ಕೇಳಿದರು, "ನಿನ್ನ ಕಂಪ್ಯೂಟರ್ ಗತಿ ಏನೋ ಈಗ?"

"ಡೈರೆಕ್ಟ್ ಕೊಟ್ಟು ಬಂದಿದೀನಿ ಅಪ್ಪ" ಎಂದ ಮೈದುನ.

ಮಾವ ಒಪ್ಪಿಗೆಯಾದವರಂತೆ ತಲೆಯಾಡಿಸಿದರು. ಸೊಸೆ ತಳ ಹಿಡಿದ ಅನ್ನವನ್ನು ಮೇಲಿನಿಂದಷ್ಟೇ ಎತ್ತಿ, ಮೊದಲ ತಟ್ಟೆಯನ್ನು ಮೈದುನನ ಮುಂದಿಟ್ಟಳು. "ಕದ್ದು ಅಂತ ಅಂದ್ಬಿಟ್ಟೆ ಕಣೋ" ಎಂದಳು. ಅವನು ತುತ್ತು ಬಾಯಿಗಿಟ್ಟು, ಅಗಿದು, "ಸೀದಿದೆ ಅತ್ತಿಗೆ" ಎಂದ. ತಟ್ಟೆ ಮಾತ್ರ ಖಾಲಿ ಮಾಡಿದ.