ಅಳಿಸಬೇಕಾದ ಟೇಪು

ನಾಟಕ ಮುಗಿಯಲು ಇನ್ನೂ ಮುಕ್ಕಾಲು ಗಂಟೆ ಬೇಕಿತ್ತು. ಮ್ಯಾನೇಜರ್ ಚಿತ್ತರಂಜನರು ನಾಲ್ಕಕ್ಕೆ ಬರುವುದಾಗಿ ಹೇಳಿ ಊಟಕ್ಕೆ ಹೋಗಿದ್ದರು. ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಮಂಗಳೂರಿನ ಅತ್ತಾವರದ ಆ ಕ್ಯಾಸೆಟ್ ಕಂಪೆನಿಯ ಆಫೀಸಿನಲ್ಲಿ ಕೆಲಸಕ್ಕಿದ್ದ ಕುಶಲಾ ಕಿಟಕಿಗೂ, ಅಕ್ಕಪಕ್ಕದಲ್ಲಿ ಓಡುತ್ತಿದ್ದ ಎರಡು ವಿಸಿಆರ್‌ಗಳಿಗೂ ನಡುವೆ ಸುಳಿದಾಡುತ್ತಿದ್ದಳು. ನಕಲು ತೆಗೆಯಲು ಟೇಪನ್ನು ಬೇಗ ಓಡಿಸುವಂತಿರಲಿಲ್ಲ. ನಾಟಕ ಎಷ್ಟು ಹೊತ್ತಿನದೋ ಅಷ್ಟು ಹೊತ್ತೂ ಕಾಯಬೇಕು.

ಹಾಡಿನ ರೆಕಾರ್ಡ್ ಹೊರತರುತ್ತಿದ್ದ ಕಂಪೆನಿ ವೀಡಿಯೊಗೆ ಕೈ ಹಾಕಿದ್ದು ಎಂಬತ್ತಮೂರರಲ್ಲಿ. ಮೊದಲ ನಾಲ್ಕು ಕ್ಯಾಸೆಟ್‌ಗಳ ಕಳ್ಳ ನಕಲುಗಳು ಊರಿಡೀ ಹರಡಿದ್ದರಿಂದ ಐದನೆಯದು, ಲೋಕನಾಥರು ಮುಖ್ಯ ಪಾತ್ರ ಮಾಡಿದ್ದ ತುಳು ನಾಟಕ, ಬಿಡುಗಡೆಯಾಗದೆ ಕಪಾಟಿನಲ್ಲೇ ಉಳಿಯಿತು. ನಾಲ್ಕು ವರ್ಷಗಳ ಬಳಿಕ ಈಗ ಆ ವಿಭಾಗವನ್ನೇ ಮುಚ್ಚುತ್ತಿದ್ದರು. ಟೇಪುಗಳನ್ನೆಲ್ಲ ಅಳಿಸಿ ಇವತ್ತೇ ಬೆಂಗಳೂರಿಗೆ ಕಳಿಸಬೇಕೆಂದು ಆದೇಶ.

ಈ ನಡುವೆ ಲೋಕನಾಥರಿಗೆ ಗಂಟಲಿನ ಕ್ಯಾನ್ಸರ್ ಬಂದು, ಆಪರೇಶನ್ನಿನಲ್ಲಿ ಧ್ವನಿ ಹೋಗಿತ್ತು. ಟೇಪು ಅಳಿಸುವ ಸುದ್ದಿ ತಿಳಿದು ಅವರ ಹೆಂಡತಿ ಸುಂದರಿ ಬೆಳಿಗ್ಗೆ ಓಡಿ ಬಂದಿದ್ದಳು.

"ಅವರ ಸ್ವರ ಬೇರೆಲ್ಲಿಯೂ ಇಲ್ಲ ಕುಶಲಕ್ಕ. ಮಗಳಿಗೆ ಕೇಳಿದ ನೆನಪೇ ಇಲ್ಲ."

"ಕಂಪೆನಿ ಮಾಲು ಅಮ್ಮ, ನನ್ನ ಕೈಯಲ್ಲಿ ಎಂತ ಉಂಟು?" ಎಂದಿದ್ದರು ಚಿತ್ತರಂಜನರು, ಪಕ್ಕದ ಮೇಜಿನಿಂದ ತಲೆಯೆತ್ತದೆ.

ಮೆಟ್ಟಿಲಲ್ಲಿ ಚಪ್ಪಲಿ ಸದ್ದು. ಚಿತ್ತರಂಜನರು ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟಿದ್ದರು. ಕುಶಲಾ ಗಡಿಬಿಡಿಯಲ್ಲಿ ಟಿವಿ ಆರಿಸಿದಳು.

"ಅಳಿಸಿ ಆಯ್ತಾ?"

"ಆಗ್ತಾ ಉಂಟು ಸರ್."

"ಅದಕ್ಕೆ ಎರಡು ಮಿಷನ್ ಎಂತಕ್ಕೆ?"

ಅವರು ಟಿವಿಯ ಗುಂಡಿ ಒತ್ತಿದರು. ಲೋಕನಾಥರ ಕಂಚಿನ ಕಂಠ ಕೋಣೆ ತುಂಬಿತು. ಚಿತ್ತರಂಜನರು ಒಂದೆರಡು ಮಾತು ಕೇಳುತ್ತ ನಿಂತರು. ಆಮೇಲೆ ಎರಡೂ ಯಂತ್ರಗಳನ್ನು ನಿಲ್ಲಿಸಿ, ಮೂಲ ಟೇಪನ್ನು ಹೊರತೆಗೆದರು.

"ಬೀಗದ ಕೈ ಮೇಜಿನ ಮೇಲಿಡಿ. ನಾಳೆಯಿಂದ ಬರುವುದು ಬೇಡ."

ಇನ್ನೊಂದು ಯಂತ್ರದೊಳಗಿದ್ದ ನಕಲನ್ನು ಕೊಡಿ ಎಂದು ಅವರು ಕೇಳಲಿಲ್ಲ. ಕುಶಲಾ ಅದನ್ನು ಚೀಲಕ್ಕೆ ಹಾಕಿಕೊಂಡಳು.

ಸಂಜೆ ಉರ್ವದಲ್ಲಿ, ಲೋಕನಾಥರ ಪಕ್ಕದ ಮನೆಯ ನಾಝಿಮಾಳ ಗಂಡ ದುಬೈಯಿಂದ ತಂದಿದ್ದ ವಿಸಿಆರ್ ಮುಂದೆ ಎಲ್ಲರೂ ಕುಳಿತರು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡ ಲೋಕನಾಥರಿಗೆ ಒರಗಿದ್ದ ಪುಟ್ಟ ಮಗಳು, "ಇದು ಪಪ್ಪನ ಸ್ವರವಾ?" ಎಂದು ಕೇಳಿದಳು. ಸುಂದರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಟೇಪು ಅರ್ಧದಲ್ಲೇ ನಿಲ್ಲುತ್ತದೆಂದು ಹೇಳಲು ಕುಶಲಾಗೆ ಬಾಯಿ ಬಂದಿರಲಿಲ್ಲ. ಒಂದೊಂದು ದೃಶ್ಯ ಮುಗಿದಾಗಲೂ ಅವಳು ಗೋಡೆಯ ಗಡಿಯಾರ ನೋಡುತ್ತಿದ್ದಳು.

ನಾಟಕದಲ್ಲಿ, ಮುನಿದು ಹೊರಟ ಮಗನನ್ನು ತಂದೆಯ ಪಾತ್ರದ ಲೋಕನಾಥರು ಹಿಂದಕ್ಕೆ ಕರೆಯುತ್ತಿದ್ದರು. ಮಾತಿನ ನಡುವೆಯೇ ಪರದೆಯ ತುಂಬ ಬಿಳಿ ಚುಕ್ಕೆಗಳು ಎದ್ದವು.

ನಾಝಿಮಾ ಏಳಹೊರಟಳು. ಸುಂದರಿ ಅವಳ ಕೈ ಹಿಡಿದು ತಡೆದಳು. ಲೋಕನಾಥರ ತುಟಿಗಳು ಆ ಮಾತನ್ನು ಮುಂದುವರಿಸುತ್ತಿದ್ದವು. ಮಗಳು ಟಿವಿ ಬಿಟ್ಟು ಅವರ ಬಾಯಿಯನ್ನೇ ನೋಡತೊಡಗಿದಳು.