ಗುಲಮೊಹರದ ಎರಡು ಫೋಟೊ

ರಾಯಬಾಗದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ವಿಶ್ವಾಸ ಕಾಂಬಳೆಗೆ ಕಾಲೇಜಿನ ದಿನಗಳಿಂದಲೂ ಕ್ಯಾಮೆರಾದ ಹುಚ್ಚು. ಊರೆಲ್ಲ ಮೊಬೈಲಿನಲ್ಲಿ ಫೋಟೊ ಹೊಡೆಯುವ ಈ ಕಾಲದಲ್ಲೂ ಅವನು ರೋಲು ಹಾಕುವ ಹಳೇ ಕ್ಯಾಮೆರಾ ಬಿಟ್ಟಿರಲಿಲ್ಲ. ರವಿವಾರ ಬಂತೆಂದರೆ ಬೈಕು ಹತ್ತಿ ಕೃಷ್ಣೆಯ ದಂಡೆ, ಅಲಖನೂರಿನ ಕಬ್ಬಿನ ಹೊಲ, ಕೊಗನೊಳ್ಳಿಯ ಬೋಳು ದಿಬ್ಬ ಎಂದು ತಿರುಗುತ್ತಿದ್ದ. ಮನುಷ್ಯರ ಫೋಟೊ ತೆಗೆಯುತ್ತಿರಲಿಲ್ಲ. ನೆಲ, ನೀರು, ಮುಗಿಲು ಅಷ್ಟೇ. ಅದೂ ಕಪ್ಪು-ಬಿಳುಪಿನಲ್ಲಿ ಮಾತ್ರ.

ಯಾಕೆ ಹಾಗೆ ಎಂದು ಕೇಳಿದವರಿಗೆ ಅವನ ಉತ್ತರ ಸಿದ್ಧವಿರುತ್ತಿತ್ತು. ಬಣ್ಣ ಕಣ್ಣನ್ನು ಮರುಳು ಮಾಡುತ್ತದೆ, ನೆಲದ ನಿಜವಾದ ಆಕಾರ ತೋರಿಸುವುದು ನೆರಳು-ಬೆಳಕು ಎನ್ನುತ್ತಿದ್ದ. ಚಿಕ್ಕೋಡಿಯ ಒಂದು ಕಾರ್ಯಕ್ರಮದಲ್ಲಿ ಇದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದ. ನಿಜ ಸಂಗತಿ ಬೇರೆ ಇತ್ತು. ಹಿಂದೆ ರೈಲ್ವೆ ನೌಕರಿಯ ತಪಾಸಣೆಗೆ ಹೋದಾಗ ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕ ತೆರೆದು, ಒಳಗಿನ ಅಂಕಿ ಓದು ಎಂದಿದ್ದರು. ಅವನಿಗೆ ಚುಕ್ಕೆ ಕಂಡವು, ಅಂಕಿ ಕಾಣಲಿಲ್ಲ. ಕೆಂಪು, ಹಸಿರು ಎರಡೂ ಅವನ ಕಣ್ಣಿಗೆ ಒಂದೇ ಮಣ್ಣುಬಣ್ಣ. ಮನೆಗೆ ಬಂದು, ನೌಕರಿ ಸಿಗಲಿಲ್ಲ ಎಂದಷ್ಟೇ ಹೇಳಿದ. ಮುಂದೆ ನೀಲಮಳನ್ನು ಮದುವೆಯಾದ ಮೇಲೆ ಅವಳಿಗೂ ಹೇಳಲಿಲ್ಲ. ಹೇಳುವ ಹೊತ್ತು ಯಾವುದೆಂದು ತಿಳಿಯದೆ ಎರಡು ವರ್ಷ ಸರಿದುಹೋಗಿದ್ದವು.

ಅವನ ರೋಲುಗಳನ್ನು ತೊಳೆದು ಫೋಟೊ ಮಾಡಿಕೊಡುತ್ತಿದ್ದವರು ನಿಪ್ಪಾಣಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಇಬ್ರಾಹಿಮ ಚಾಚಾ. ಈ ಸಲದ ಬೇಸಿಗೆಯಲ್ಲಿ ಅವರ ಹತ್ತಿರ ಕಪ್ಪು-ಬಿಳುಪಿನ ರೋಲು ತೀರಿತ್ತು. ಮುಂಬೈಯಿಂದ ಬರುವತನಕ ಇದನ್ನೇ ಹಾಕಿ ನೋಡಿರೆಂದು ಒಂದು ಬಣ್ಣದ ರೋಲನ್ನು ಅವನ ಕೈಯಲ್ಲಿಟ್ಟರು. ಬೇಡವೆನ್ನಲು ಕಾರಣ ಹೇಳಬೇಕಾಗುತ್ತಿತ್ತು. ವಿಶ್ವಾಸ ಅದನ್ನು ತೆಗೆದುಕೊಂಡ.

ಉಗಾರ ಖುರ್ದದ ಬಳಿ ನದಿಯ ದಂಡೆಯಲ್ಲಿ ಒಂದು ದೊಡ್ಡ ಗುಲಮೊಹರ ಗಿಡವಿದೆ. ಮೇ ತಿಂಗಳ ಒಂದು ಮುಂಜಾನೆ ಅದರ ಟೊಂಗೆಗಳು ಕೊಡೆಯಂತೆ ನೀರಿನ ಮೇಲೆ ಬಾಗಿದ್ದವು. ಕೆಳಗೆ ಕಟ್ಟಿಹಾಕಿದ ದೋಣಿಯ ಕಪ್ಪು ಗೆರೆ. ಆ ಬಾಗು ಮತ್ತು ಆ ಗೆರೆ ಅವನಿಗೆ ಹಿಡಿಸಿದವು. ಒಂದೇ ಫೋಟೊ ತೆಗೆದು ಮುಂದೆ ಹೋದ.

ರೋಲು ಪುಣೆಗೆ ಹೋಗಿ ತೊಳೆದು ಬಂದ ದಿನ ಚಾಚಾ ಫೋನು ಮಾಡಿದರು. "ಇಷ್ಟ ವರ್ಷ ಈ ಕೈ ಎಲ್ಲಿ ಮುಚ್ಚಿಟ್ಟಿದ್ರಿ ಸರ? ಗಿಡಕ್ಕ ಬೆಂಕಿ ಹತ್ತಿದಂಗ ಐತಿ," ಎಂದರು. ಅವನು ನಿಪ್ಪಾಣಿಗೆ ಹೋಗುವಷ್ಟರಲ್ಲಿ ಆ ಫೋಟೊ ದೊಡ್ಡದಾಗಿ ಸ್ಟುಡಿಯೋದ ಗಾಜಿನ ಹಿಂದೆ ನಿಂತಿತ್ತು. ಹಾದುಹೋಗುವವರು ನಿಂತು ನೋಡುತ್ತಿದ್ದರು. ವಿಶ್ವಾಸನೂ ಅವರ ನಡುವೆ ನಿಂತು ನೋಡಿದ. ಬಾಗಿದ ಗಿಡ ಕಂಡಿತು, ದೋಣಿ ಕಂಡಿತು. ಬೆಂಕಿ ಎಲ್ಲಿಯೂ ಕಾಣಲಿಲ್ಲ.

ಅದೇ ವಾರ ಬೆಳಗಾವಿಯಲ್ಲಿ ಛಾಯಾಚಿತ್ರ ಪ್ರದರ್ಶನ ನಡೆಸುವ ಸಂಜಯ ಎಂಬುವವರು ಆ ಫೋಟೊ ನೋಡಿ, ಅದನ್ನೇ ಪ್ರವೇಶದ ಗೋಡೆಗೆ ಹಾಕುವುದಾಗಿ ತಿಳಿಸಿದರು. ಕಪ್ಪು-ಬಿಳುಪಿನವರು ಬಣ್ಣಕ್ಕೆ ಯಾಕೆ ಬಂದಿರೆಂದು ನಾಲ್ಕು ಮಾತು ಆಡಬೇಕೆಂದೂ ಕೇಳಿಕೊಂಡರು.

ವಿಶ್ವಾಸ ಒಂದು ಪ್ರತಿ ಮನೆಗೆ ತಂದ. ನೀಲಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ನೀವು ಬಣ್ಣಾನ ನೋಡಂಗಿಲ್ಲ ಅನ್ಕೊಂಡಿದ್ದೆ," ಎಂದಳು. "ಯಾವ ಸೀರಿ ಉಟ್ರೂ ಒಂದ ಮಾತ ಆಡಂಗಿಲ್ಲ ನೀವು. ನನ್ನ ಕಡೆ ಲಕ್ಷ್ಯಾನ ಇಲ್ಲ ಅನಸ್ತಿತ್ತು. ಇಷ್ಟ ಕೆಂಪು ನಿಮ್ಮ ಕಣ್ಣಾಗ ಇತ್ತಲ್ಲ."

ಅವಳ ಮುಖದಲ್ಲಿ ಅಂಥ ಸಮಾಧಾನ ಅವನು ನೋಡಿರಲಿಲ್ಲ. ಸುಮ್ಮನಿದ್ದರೆ ಅದು ಹಾಗೇ ಉಳಿಯುತ್ತಿತ್ತು. ಆದರೆ ತನ್ನದಲ್ಲದ ಮೆಚ್ಚುಗೆಯನ್ನು ಎಲ್ಲರಿಂದ ಪಡೆದರೂ ಅವಳಿಂದ ಪಡೆಯುವುದು ಅವನಿಗೆ ಆಗಲಿಲ್ಲ.

"ನನಗ ಆ ಕೆಂಪು ಕಾಣಂಗಿಲ್ಲ, ನೀಲಮ," ಎಂದ.

ಅವಳಿಗೆ ಅರ್ಥವಾಗಲಿಲ್ಲ. ಅವನು ರೈಲ್ವೆ ಡಾಕ್ಟರಿಂದ ಹಿಡಿದು ಎಲ್ಲ ಹೇಳಿದ. ಅವಳು ಫೋಟೊದ ಮೇಲೆ ಬೆರಳಿಟ್ಟು, ಇದು ಹೂವು, ಇದು ಎಲೆ ಎಂದು ತೋರಿಸಿದಳು. ಅವನಿಗೆ ಬೆರಳು ಸರಿದದ್ದು ಮಾತ್ರ ತಿಳಿಯಿತು. ಸಿಟ್ಟಾಗಬೇಕೋ ಮರುಗಬೇಕೋ ತಿಳಿಯದವಳಂತೆ ಅವಳು ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಂದು, ತನ್ನ ನಿಶ್ಚಯದ ಸೀರೆ ಹೇಗೆ ಕಂಡಿತ್ತೆಂದು ಕೇಳಿದಳು. ಸೀರೆ ನೆನಪಿಲ್ಲ, ಅದರ ಸೆರಗು ಗಾಳಿಗೆ ಹಾರಿ ನೀನು ಹಿಡಿದುಕೊಂಡದ್ದು ನೆನಪಿದೆ ಎಂದ. ಇದು ಅವಳಿಗೆ ಸಾಕಾಯಿತೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ.

ಮುಂದಿನ ರವಿವಾರ ಇಬ್ಬರೂ ಉಗಾರಕ್ಕೆ ಹೋದರು. ಮಳೆ ಇನ್ನೂ ಶುರುವಾಗಿರಲಿಲ್ಲ, ಹೂವು ಹಾಗೇ ಇತ್ತು. ಅಷ್ಟೊತ್ತಿಗೆ ಕಪ್ಪು-ಬಿಳುಪಿನ ರೋಲು ಬಂದಿತ್ತು. ಮೋಡಗಳು ಎದ್ದು ಕಾಣಲೆಂದು ಮಳೆಗಾಲದಲ್ಲಿ ಕ್ಯಾಮೆರಾದ ಕಣ್ಣಿಗೆ ಹಾಕುತ್ತಿದ್ದ ಕೆಂಪು ಗಾಜೊಂದು ಅವನ ಚೀಲದಲ್ಲಿತ್ತು. ಆ ಗಾಜು ಹಾಕಿದರೆ ಕೆಂಪು ವಸ್ತು ಬೆಳ್ಳಗೆ, ಹಸಿರು ಕಪ್ಪಗೆ ಮೂಡುತ್ತದೆಂದು ಓದಿದ್ದ. ಗಿಡದ ಮೇಲೆ ಎಂದೂ ಪ್ರಯೋಗಿಸಿರಲಿಲ್ಲ. ಹಿಂದಿನ ಸಲ ನಿಂತ ಜಾಗದಲ್ಲೇ ನಿಂತು ಅದೇ ಗಿಡವನ್ನು ಮತ್ತೆ ತೆಗೆದ.

ಫೋಟೊ ತಯಾರಾದಾಗ ಅದನ್ನು ಸ್ಟುಡಿಯೋದ ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಕಪ್ಪು ಎಲೆಗಳ ಮೇಲೆ ಬಿಳಿ ಹೂವಿನ ಗೊಂಚಲುಗಳು ಟೊಂಗೆಯ ತುದಿತನಕ ತುಂಬಿಕೊಂಡಿದ್ದವು. ಆ ಗಿಡದ ಕೆಳಗೆ ಎಷ್ಟೋ ಸಲ ಕೂತಿದ್ದ, ಇಷ್ಟು ಹೂವಿದೆಯೆಂದು ಅವನಿಗೆ ತಿಳಿದೇ ಇರಲಿಲ್ಲ. ನೇರ ಮನೆಗೆ ಬಂದು ನೀಲಮಳಿಗೆ ತೋರಿಸಿದ.

ಅವಳು ನೋಡಿದಳು. "ಚಂದ ಐತಿ," ಎಂದಳು. ಆಮೇಲೆ ಮೆಲ್ಲಗೆ, "ಆದ್ರ ಇದು ಆ ಗಿಡ ಅಲ್ರಿ. ಮಂಜು ಬಿದ್ದ ಬ್ಯಾರೆ ಯಾವುದೋ ದೇಶದ ಗಿಡ ಇದ್ದಂಗೈತಿ."

ಅವಳು ಬೆಂಕಿ ಕಂಡ ಕಡೆ ಅವನಿಗೆ ಮಣ್ಣು ಕಂಡಿತ್ತು; ಅವನಿಗೆ ಹೂವು ಕಂಡ ಕಡೆ ಅವಳಿಗೆ ಪರದೇಶ ಕಂಡಿತು. ಎರಡನ್ನೂ ತೆಗೆದವನು ತಾನೇ. ಇವೆರಡರಲ್ಲಿ ತಾನು ನೋಡಿ ತೆಗೆದದ್ದು ಯಾವುದೆಂದು ಅವನು ಯೋಚಿಸತೊಡಗಿದ. ಬೆಳಗಾವಿಗೆ ಎರಡನೆಯದನ್ನು ಕಳಿಸಲೇ ಎಂದು ಕೇಳಿದರೆ, ಗೋಡೆಯ ಅಳತೆಗೆ ಬಣ್ಣದ್ದು ಆಗಲೇ ತಯಾರಾಗಿದೆ ಎಂದರು ಸಂಜಯ.

ಪ್ರದರ್ಶನದ ದಿನ ನೀಲಮ ಮುಂದಿನ ಸಾಲಿನಲ್ಲಿ ಕೂತಿದ್ದಳು. ಮಾತಿನ ಸರದಿ ಬಂದಾಗ ವಿಶ್ವಾಸ ಎದ್ದು ನಿಂತು, ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಮಾತನ್ನೆಲ್ಲ ಬಿಟ್ಟು, "ಈ ಗಿಡದ ಕೆಂಪು ನನಗ ಕಾಣಂಗಿಲ್ರಿ. ನಾ ಅದನ್ನ ನೋಡೇ ಇಲ್ಲ," ಎಂದ.

ಜೋರು ಚಪ್ಪಾಳೆ ಬಿತ್ತು. ಸಂಜಯ ಮೈಕು ತೆಗೆದುಕೊಂಡು, ಕಲಾವಿದ ತನ್ನನ್ನು ಮರೆತಾಗಲೇ ಬಣ್ಣ ತಾನಾಗಿ ಬರುತ್ತದೆಂಬ ದೊಡ್ಡ ಮಾತನ್ನು ಇವರು ಎಷ್ಟು ಸರಳವಾಗಿ ಹೇಳಿದರು ಎಂದು ಹೊಗಳಿದರು. ಹಾಗಲ್ಲ ಎಂದು ವಿಶ್ವಾಸ ಎರಡು ಸಲ ಹೇಳಲು ನೋಡಿದ. ಶಾಲು ಹೊದಿಸಿ ಕೂರಿಸಿದರು. ಅವನು ನೀಲಮಳ ಕಡೆ ನೋಡಿದ. ಅವಳೊಬ್ಬಳು ಚಪ್ಪಾಳೆ ತಟ್ಟದೆ ಕೂತಿದ್ದಳು.

ಮಳೆ ಶುರುವಾದ ಮೇಲೆ ಒಂದು ರವಿವಾರ ಅವನು ನಿಪ್ಪಾಣಿಗೆ ಹೋದ. ಚಾಚಾ ಎರಡೂ ಬಗೆಯ ರೋಲು ಮುಂದಿಟ್ಟು, ಯಾವುದು ಕೊಡಲಿ ಎಂದು ಕೇಳಿದರು. ಅವನು ನೀಲಮಳಿಗೆ ಫೋನು ಮಾಡಿ, ಯಾವುದು ತೆಗೆದುಕೊಳ್ಳಲಿ ಎಂದ.

"ನೀವು ಏನ್ ನೋಡಾಕ ಹೊಂಟೀರಿ, ಅದರ ಮ್ಯಾಲ," ಎಂದಳು.

ಅದೇ ಅವನಿಗೆ ಗೊತ್ತಿರಲಿಲ್ಲ. ಫೋನು ಕಿವಿಗೆ ಹಿಡಿದೇ ನಿಂತ. ಚಾಚಾ ಅವನನ್ನು ಬಿಟ್ಟು, ಪಾಸ್‌ಪೋರ್ಟ್ ಫೋಟೊಕ್ಕೆಂದು ಬಂದವರನ್ನು ಒಳಗೆ ಕರೆದರು.