ಶಾರ್ಟ್‌ಸ್ಟಾಪ್‌ನ ಬಲಗಡೆ

ಅಮೆರಿಕದ ಬೀಕನ್ಸ್ ಬೇಸ್‌ಬಾಲ್ ತಂಡದವರು ಮನೆಬಾಗಿಲಿಗೆ ಬಂದು ಕರೆದರೂ ನನ್ನ ತಮ್ಮ ದಾರಿಯೊ ಅವರನ್ನು ಬಿಟ್ಟು ಮೇಸನ್ಸ್ ತಂಡ ಸೇರಿದ್ದು ಯಾಕೆ ಅಂತ ನಮ್ಮ ಬಾನಿ ಊರಿನ ಪ್ರತಿಯೊಬ್ಬನಿಗೂ ಗೊತ್ತಂತೆ. ಕ್ಷೌರದಂಗಡಿಯವನು ಹೆಂಡತಿ ಮಾತು ಕೇಳಿದ ಅನ್ನುತ್ತಾನೆ. ದಾರಿಯೊಗೆ ಮದುವೆಯೇ ಆಗಿಲ್ಲ. ರೇಡಿಯೊದವನು ಮೇಸನ್ಸ್‌ನವರ ಊರಿನ ಒಳ್ಳೆಯ ಹವೆಯ ಕಾರಣ ಕೊಡುತ್ತಾನೆ. ಅಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳುತ್ತದೆ. ಡಾಮಿನೊ ಆಡುವ ಮುದುಕರಂತೂ ದುಡ್ಡು ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ದುಡ್ಡು ಹೆಚ್ಚು ಕೊಡುತ್ತಿದ್ದವರು ಬೀಕನ್ಸ್. ಏನೂ ಗೊತ್ತಿಲ್ಲದೆ ಬಾಯಿಗೆ ಬಂದದ್ದು ಒದರುವ ಇವರನ್ನೆಲ್ಲ ಕಂಡರೆ ನನಗೆ ಮೈ ಉರಿಯುತ್ತದೆ.

ಕಾರಣ ನಾನು. ಅದು ಹೊಗಳಿಕೆ ಅಂದುಕೊಳ್ಳಬೇಡಿ.

ಬೀಕನ್ಸ್ ಅಂದರೆ ನನಗೆ ಆಗುವುದಿಲ್ಲ. ಹದಿನಾರು ವರ್ಷಕ್ಕೆ ಅವರ ತರಬೇತಿ ಶಿಬಿರ ಸೇರಿದವನು ನಾನು. ಹತ್ತೊಂಬತ್ತಕ್ಕೆ ಮೊಣಕೈ ನರ ಹರಿಯಿತು. ಹ್ಯಾಲೊರನ್ ಎಂಬ ಕೆಂಪು ಮುಖದ ಅಧಿಕಾರಿ ನನ್ನನ್ನು ಆಫೀಸಿಗೆ ಕರೆದು, ಕುರ್ಚಿ ತೋರಿಸದೆ, "ತೋರಿಬಿಯೊ, ನಿನ್ನ ಕೈ ಮುಗೀತು. ಮನೆಗೆ ಹೋಗು" ಅಂದ. ಶಸ್ತ್ರಚಿಕಿತ್ಸೆ ಇಲ್ಲ, ಏನಿಲ್ಲ. ಬಸ್ಸಿನಲ್ಲಿ ಮೊಣಕೈಗೆ ಕಟ್ಟಿದ್ದ ಐಸ್ ಕರಗಿ ಚಡ್ಡಿಯೆಲ್ಲ ಒದ್ದೆಯಾಗಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನೋ ತಪ್ಪು ತಿಳಿದು ಎದ್ದು ಬೇರೆ ಸೀಟಿಗೆ ಹೋದಳು.

ಆಮೇಲೆ ನಾನು ದಾರಿಯೊನನ್ನು ತಯಾರು ಮಾಡಿದೆ. ಬಾನಿಯಲ್ಲಿ ಹುಟ್ಟಿದವನು ಶಾರ್ಟ್‌ಸ್ಟಾಪ್ ಆಗಬೇಕು, ಅಂದರೆ ಸೆಕೆಂಡ್ ಬೇಸ್, ಥರ್ಡ್ ಬೇಸ್ ನಡುವೆ ನಿಂತು ಬೆಂಕಿಯಂತೆ ಬರುವ ಚೆಂಡನ್ನೆಲ್ಲ ಹಿಡಿಯುವವನು. ಬೇರೆ ಜಾಗದಲ್ಲಿ ಆಡುವವನನ್ನು ಇಲ್ಲಿ ಸ್ವಂತ ಅತ್ತೆಯೂ ಲೆಕ್ಕಕ್ಕಿಡುವುದಿಲ್ಲ. ಪ್ರತಿ ಚಳಿಗಾಲ ದಾರಿಯೊ ಅಮೆರಿಕದಿಂದ ಬಂದಾಗ, ಬೆಳಿಗ್ಗೆ ಬಿಸಿಲು ಏರುವ ಮೊದಲು ಕಲ್ಲು ಮೈದಾನದಲ್ಲಿ ಅವನಿಗೆ ನೆಲದ ಮೇಲೆ ಪುಟಿದು ಬರುವ ಚೆಂಡು ಹೊಡೆಯುವವನು ನಾನು. ಉದ್ದನೆಯ ತೆಳು ಬ್ಯಾಟು, ಒಂದು ಬುಟ್ಟಿ ಚೆಂಡು, ದಿನಕ್ಕೆ ಇನ್ನೂರು. ಎಸೆಯಲಾಗದ ಕೈ ಹೊಡೆಯಬಲ್ಲದು.

ಈ ಡಿಸೆಂಬರಿಗೆ ಅವನ ಹಳೆಯ ಒಪ್ಪಂದ ಮುಗಿದು ಅವನು ಫ್ರೀ ಏಜೆಂಟ್ ಆಗಿದ್ದ. ಮೂವತ್ತೊಂದು ವರ್ಷ. ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ಕೊನೆಗೆ ಉಳಿದದ್ದು ಎರಡು. ಮೇಸನ್ಸ್‌ನವರು ಫೋನಿನಲ್ಲಿ ನೇರವಾಗಿ ಹೇಳಿದರು: ನಿನ್ನ ಬ್ಯಾಟಿಂಗ್ ಬೇಕು, ಆದರೆ ನೀನಿನ್ನು ಥರ್ಡ್ ಬೇಸ್‌ನಲ್ಲಿ ನಿಲ್ಲಬೇಕು, ಶಾರ್ಟ್‌ಸ್ಟಾಪ್‌ಗೆ ಬೇಕಾದ ಓಟ ನಿನ್ನಲ್ಲಿ ಉಳಿದಿಲ್ಲ. ದಾರಿಯೊ ಫೋನನ್ನು ಸೋಫಾಕ್ಕೆ ಎಸೆದ. ಮರುದಿನವೇ ಬೀಕನ್ಸ್ ಕರೆ ಮಾಡಿ, ಐದು ವರ್ಷ ನೀನೇ ನಮ್ಮ ಶಾರ್ಟ್‌ಸ್ಟಾಪ್ ಅಂದಿತು.

ಅಮ್ಮ ಬಾಳೆಕಾಯಿ ಬೇಯಿಸಿ ಹಿಸುಕುತ್ತಾ, ಜೊತೆಗೆ ಚೀಸ್ ಕರಿಯುತ್ತಿದ್ದಳು. ನಾನು ಅಡಿಗೆಮನೆಯಲ್ಲೇ ಕೂಗಾಡಿದೆ.

"ಲೋ, ಅವರು ಹೊಸ ಸ್ಟೇಡಿಯಂ ಕಟ್ಟಿದಾರೆ ಕಣೋ. ಟಿಕೆಟ್ ಮಾರೋಕೆ ಒಂದು ಹೆಸರು ಬೇಕು ಅಷ್ಟೇ. ಮೇ ತಿಂಗಳಲ್ಲಿ ನಿನ್ನ ಬೆಂಚಿಗೆ ಕೂರಿಸ್ತಾರೆ."

"ನಿನ್ನ ಮೊಣಕೈ ಸಿಟ್ಟನ್ನ ನನ್ನ ತಲೆಗೆ ಕಟ್ಟಬೇಡ ಅಣ್ಣ."

"ನನ್ನ ಮೊಣಕೈ ವಿಷಯ ಬಿಡು. ಓಟ ಕಮ್ಮಿಯಾಗಿದೆ ಅಂತ ಮೇಸನ್ಸ್‌ನೋರು ಸುಮ್ಮನೆ ಹೇಳ್ತಾರಾ?"

"ಕಮ್ಮಿಯಾಗಿದ್ಯಾ? ನೀನೇ ಹೇಳು. ದಿನಾ ಇನ್ನೂರು ಹೊಡೀತೀಯಲ್ಲ, ಎಷ್ಟು ಬಿಟ್ಟಿದೀನಿ? ಹೋದ ಸೀಸನ್‌ನಲ್ಲಿ ಕಾಲು ಉಳುಕಿತ್ತು, ಅದಕ್ಕೇ ಕೆಲವು ಹೋದ್ವು. ಇಲ್ಲಿ ಎಷ್ಟು ಬಿಟ್ಟೆ? ಹೇಳೋ!"

"ಇಬ್ಬರೂ ಬಾಯಿ ಮುಚ್ಕೊಂಡು ತಿನ್ರೋ, ಚೀಸ್ ಆರೋಗ್ತಿದೆ" ಅಂದಳು ಅಮ್ಮ.

ನಾನು ಬಾಯಿ ಮುಚ್ಚಿಕೊಂಡೆ. ಮುಚ್ಚಿಕೊಳ್ಳಲೇಬೇಕಿತ್ತು. ಹೋದ ಚಳಿಗಾಲದ ಒಂದು ಬೆಳಿಗ್ಗೆ ಅವನ ಬಲಗಡೆಗೆ, ಥರ್ಡ್ ಬೇಸ್ ಕಡೆಗೆ, ಸಾಲಾಗಿ ಮೂರು ಚೆಂಡು ಹೊಡೆದಿದ್ದೆ. ಮೂರೂ ಗ್ಲೌಸಿನ ತುದಿಗೂ ಸಿಗದೆ ಹೋದವು. ಅವನ ಮುಖ ಬಿಳಿಚಿಕೊಂಡಿತು. ಮರುದಿನ ನಾನು ಬಲಗಡೆಯ ಚೆಂಡನ್ನು ಒಂದು ಹೆಜ್ಜೆ ಹತ್ತಿರಕ್ಕೆ, ಸ್ವಲ್ಪ ಮೆಲ್ಲಗೆ ಹೊಡೆದೆ. ಅವನು ಹಿಡಿದು ನಕ್ಕ. ನನಗೂ ಹಾಯೆನಿಸಿತು. ಆ ಚಳಿಗಾಲ ಪೂರ್ತಿ, ಮತ್ತೆ ಈ ಚಳಿಗಾಲವೂ ಹಾಗೆಯೇ ಹೊಡೆದೆ. ಅವನು ನನ್ನ ಚೆಂಡುಗಳನ್ನು ನಂಬಿದ, ಆಮೇಲೆ ತನ್ನ ಕಾಲನ್ನು ನಂಬಿದ, ಈಗ ಬೀಕನ್ಸ್ ಅನ್ನು ನಂಬುತ್ತಿದ್ದಾನೆ. ಈ ಮೂರರಲ್ಲಿ ಮೊದಲ ಸುಳ್ಳು ನನ್ನದು.

ಗುರುವಾರ ಬೆಳಿಗ್ಗೆ ಹ್ಯಾಲೊರನ್ ಬಂದ. ಅದೇ ಕೆಂಪು ಮುಖ, ಈಗ ಬಿಳಿ ಕೂದಲು, ತಂಡಕ್ಕೆಲ್ಲ ಯಜಮಾನ. ದಾರಿಯೊನ ಹೆಸರು ಬರೆದ ಜರ್ಸಿ ತಂದಿದ್ದ, ಅಮ್ಮನಿಗೆ ಹೂಗುಚ್ಛ. ಮೈದಾನದಲ್ಲಿ ನನ್ನ ಕೈ ಕುಲುಕಿ, "ನೀವು ಈ ಮೈದಾನ ನೋಡ್ಕೊಳ್ಳೋರಾ? ಚೆನ್ನಾಗಿಟ್ಟಿದೀರಿ" ಅಂದ.

ನನ್ನ ಬದುಕನ್ನು ಅರ್ಧ ನಿಮಿಷದಲ್ಲಿ ಮುಗಿಸಿದವನಿಗೆ ನನ್ನ ಮುಖದ ನೆನಪೂ ಇರಲಿಲ್ಲ. ಬ್ಯಾಟಿನಿಂದ ಅವನ ತಲೆ ಒಡೆಯಬೇಕು ಅನಿಸಿತು. ಹೌದು, ಹಾಗೇ ಅನಿಸಿತು.

"ನಮ್ಮಣ್ಣ ತೋರಿಬಿಯೊ" ಅಂದ ದಾರಿಯೊ. ಹ್ಯಾಲೊರನ್ ತಲೆಯಾಡಿಸಿ ನಕ್ಕ. ಹೆಸರು ಕೇಳಿಯೂ ಅವನಿಗೆ ಏನೂ ನೆನಪಾಗಲಿಲ್ಲ.

"ನಡಿ ಅಣ್ಣ, ಇವರಿಗೆ ಒಂಚೂರು ತೋರಿಸೋಣ. ಆಮೇಲೆ ಮನೆಗೆ ಹೋಗಿ ಕಾಫಿ ಕುಡಿದು ಸಹಿ ಹಾಕ್ತೀನಿ."

ಮೊದಲ ಹತ್ತು ಚೆಂಡು ನೇರಕ್ಕೆ, ಎಡಕ್ಕೆ. ಅವನು ಕುಣಿದಾಡಿ ಹಿಡಿದ. ಹ್ಯಾಲೊರನ್ ಚಪ್ಪಾಳೆ ತಟ್ಟಿದ. ಆ ಚಪ್ಪಾಳೆ ನನ್ನ ನೆತ್ತಿಗೇರಿತು. ಹನ್ನೊಂದನೆಯದನ್ನು ಬಲಗಡೆಗೆ, ಆಟದಲ್ಲಿ ಬರುವಷ್ಟೇ ಜೋರಾಗಿ ಹೊಡೆದೆ. ದಾರಿಯೊ ಎರಡು ಹೆಜ್ಜೆ ಹಾಕುವಷ್ಟರಲ್ಲಿ ಚೆಂಡು ಹುಲ್ಲಿಗೆ ಹೋಗಿತ್ತು.

"ಕಲ್ಲು ತಾಗಿತು" ಅಂತ ಕೂಗಿದ.

ಇನ್ನೊಂದು ಅಲ್ಲಿಗೇ. ಹೋಯಿತು. ಇನ್ನೊಂದು. ಅವನು ಅಡ್ಡ ಬಿದ್ದ, ಗಲ್ಲಕ್ಕೆಲ್ಲ ಮಣ್ಣು ಮೆತ್ತಿತು, ಚೆಂಡು ಸಿಗಲಿಲ್ಲ. "ಅಣ್ಣಾ!" ಅಂದ. ನಾನು ನಿಲ್ಲಿಸಲಿಲ್ಲ. ಯಾರ ಮೇಲಿನ ಸಿಟ್ಟಿನಲ್ಲಿ ಹೊಡೆಯುತ್ತಿದ್ದೆನೋ ನನಗೇ ತಿಳಿಯಲಿಲ್ಲ, ಹ್ಯಾಲೊರನ್ ಮೇಲೋ, ದಾರಿಯೊನ ಮೇಲೋ, ನನ್ನ ಮೇಲೋ. ಒಂಬತ್ತು ಹೊಡೆದೆ. ಅವನು ಹಿಡಿದದ್ದು ಒಂದು.

ದಾರಿಯೊ ಮಂಡಿಯೂರಿ ಏದುಸಿರು ಬಿಡುತ್ತಿದ್ದ. ಹ್ಯಾಲೊರನ್ ನಿಧಾನಕ್ಕೆ ಅವನ ಬಳಿ ಹೋಗಿ ಬೆನ್ನು ತಟ್ಟಿದ.

"ಅಯ್ಯೋ ಬಿಡಪ್ಪ, ಮೈದಾನ ಸರಿ ಇಲ್ಲ. ನಮಗೆ ನೀನೇ ಶಾರ್ಟ್‌ಸ್ಟಾಪ್, ಅದರಲ್ಲಿ ಎರಡು ಮಾತಿಲ್ಲ. ನಡಿ, ನಿಮ್ಮಮ್ಮನ ಕಾಫಿ ಕುಡಿಯೋಣ."

ಐದು ನಿಮಿಷದ ಹಿಂದೆ ಇದೇ ಮೈದಾನವನ್ನು ಚೆನ್ನಾಗಿದೆ ಅಂದಿದ್ದವನು. ದಾರಿಯೊ ತಲೆಯೆತ್ತಿ ಅವನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಜರ್ಸಿಯನ್ನು ಮಡಚಿ ಅವನ ಕೈಗೆ ಕೊಟ್ಟು, "ಕಾಫಿ ಬೇಡ ಸಾರ್, ಹೊರಡಿ" ಅಂದ.

ಕಾರಿನ ಧೂಳು ಇಳಿಯುವವರೆಗೂ ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಗೆದ್ದೆ ಅಂದುಕೊಂಡಿದ್ದೆ.

"ಎಷ್ಟು ದಿನದಿಂದ?" ಅಂದ ದಾರಿಯೊ.

"ಏನು?"

"ನಾಟಕ ಆಡಬೇಡ. ಎಷ್ಟು ದಿನದಿಂದ ನಂಗೆ ಮೆತ್ತಗೆ ಹೊಡೀತಿದೀಯ?"

"ಹೋದ ಚಳಿಗಾಲದಿಂದ. ನಿನ್ನ ಮುಖ ನೋಡೋಕಾಗ್ಲಿಲ್ಲ ಕಣೋ..."

"ಹೋದ ವರ್ಷವೇ ಹೇಳಿದ್ರೆ ಹೊಸ ಜಾಗ ಕಲಿಯೋಕೆ ಒಂದು ವರ್ಷ ಸಿಗ್ತಿತ್ತು. ಜನರೆದುರು ಇಡೀ ಸೀಸನ್ ನಗೆಪಾಟಲಾಗೋದು ತಪ್ತಿತ್ತು. ಅದು ಬಿಟ್ಟು ಇವತ್ತು, ಅವನ ಮುಂದೆ, ನಿನ್ನ ಹಳೇ ಸಿಟ್ಟು ತೀರಿಸ್ಕೊಳ್ಳೋಕೆ ಹೇಳ್ದೆ."

"ನಿನ್ನ ಒಳ್ಳೇದಕ್ಕೇ..."

"ಸಾಕು. ಆ ಹ್ಯಾಲೊರನ್ ನಿನ್ನ ಕೈ ಮುಗೀತು ಅಂತ ಮುಖಕ್ಕೆ ಹೇಳ್ದ. ನೀನು ನಂಗೆ ಅಷ್ಟೂ ಮಾಡ್ಲಿಲ್ಲ."

ನಾನು ಹುಲ್ಲಿಗೆ ಹೋಗಿ ಅವನಿಗೆ ಸಿಗದ ಎಂಟು ಚೆಂಡುಗಳನ್ನು ಹೆಕ್ಕಿ ಬುಟ್ಟಿಗೆ ಹಾಕಿದೆ.

ಸಂಜೆ ಅವನು ಮೇಸನ್ಸ್‌ಗೆ ತಾನೇ ಫೋನ್ ಮಾಡಿದ. ಇದ್ದದ್ದನ್ನು ಇದ್ದಂತೆ ಹೇಳಿದವರು ಅವರೊಬ್ಬರೇ ಅಂತ ಅಮ್ಮನಿಗೆ ಹೇಳಿದನಂತೆ. ಈಗ ಬೆಳಿಗ್ಗೆ ಕಲ್ಲು ಮೈದಾನದಲ್ಲಿ ಥರ್ಡ್ ಬೇಸ್ ಬಳಿ ನಿಂತು ಅಭ್ಯಾಸ ಮಾಡುತ್ತಾನೆ. ಚೆಂಡು ಹೊಡೆಯುವುದಕ್ಕೆ ಸಾನ್ ಕ್ರಿಸ್ತೋಬಲ್‌ನಿಂದ ಯಾರನ್ನೋ ಕರೆಸಿಕೊಂಡಿದ್ದಾನೆ. ಆ ಮನುಷ್ಯನ ಹೊಡೆತದಲ್ಲಿ ಕರುಣೆಯೇ ಇಲ್ಲ. ಬ್ಯಾಟಿನ ಸದ್ದು ನಮ್ಮ ಅಡಿಗೆಮನೆಯವರೆಗೂ ಕೇಳಿಸುತ್ತದೆ.